ಮೆಂಫಿಸ್‌ನ ಫಲಕಗಳನ್ನು ಕೊನೆಯ ಸಾಲಿನವರೆಗೆ ಓದುವವರು ಯಾರಾದರೂ ಇದ್ದೀರಾ?

ಮಿಸಿಸಿಪ್ಪಿ_ಮೈಸೂರು:

ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಊರಿನಿಂದ ಯಾರೇ ಬಂದರೂ ಎಲ್ವಿಸ್ ಪ್ರೀಸ್ಲಿಯ ಮನೆ ತೋರಿಸಿ, ಬೀಲ್ ಸ್ಟ್ರೀಟ್‌ನಲ್ಲಿ ಒಂದು ಸುತ್ತು ಹಾಕಿಸಿ, ಮಿಸಿಸಿಪ್ಪಿ ನದಿಯ ಮುಂದೆ ನಿಲ್ಲಿಸಿ ಫೋಟೊ ತೆಗೆದರೆ ನನ್ನ ಕೆಲಸ ಮುಗಿಯಿತು. ಕಳೆದ ತಿಂಗಳು ಸೋದರಮಾವ ಬಂದಿದ್ದರು. ಅವರಿಗೆ ಮಂಡಿನೋವು. ನೂರು ಹೆಜ್ಜೆಗೊಮ್ಮೆ ನಿಲ್ಲಬೇಕು, ನಿಂತಲ್ಲೆಲ್ಲ ಒಂದಲ್ಲ ಒಂದು ಇತಿಹಾಸದ ಫಲಕ. ಒಂಬತ್ತು ವರ್ಷದಲ್ಲಿ ನಾನು ಓದದ್ದನ್ನು ಅವರ ಮಂಡಿ ನಾಲ್ಕು ದಿನದಲ್ಲಿ ಓದಿಸಿತು.

ಮಾವ ಓದುವ ಕ್ರಮವೇ ಬೇರೆ. ಮೊದಲು ಕೆಳಗಿನ ಸಾಲು. "ಯಾರು ನೆಡಿಸಿದ್ದು, ಯಾವ ಇಸವಿ, ಅದನ್ನು ಮೊದಲು ಹೇಳಮ್ಮ. ಪತ್ರ ಓದುವುದಕ್ಕೆ ಮುಂಚೆ ಸಹಿ ನೋಡಬೇಕು" ಎಂದರು. ಮೂವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಗಳ ನಡುವೆ ಕುಳಿತವರು, ಅಭ್ಯಾಸ ಬಿಡುವುದಿಲ್ಲ.

ಆಡಮ್ಸ್ ಅವೆನ್ಯೂದಲ್ಲಿ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನ ಕಾರು ನಿಲ್ಲಿಸುವ ಜಾಗವಿದೆ. 1955ರಲ್ಲಿ ರಾಜ್ಯದ ಇತಿಹಾಸ ಆಯೋಗ ಅಲ್ಲಿ ಒಂದು ಫಲಕ ನೆಟ್ಟಿತ್ತು: ಅಂತರ್ಯುದ್ಧದಲ್ಲಿ ದಕ್ಷಿಣದ ಪಾಳಯದ ಸೇನಾನಿಯಾಗಿದ್ದ ನೇಥನ್ ಬೆಡ್‌ಫರ್ಡ್ ಫಾರೆಸ್ಟ್‌ನ ಮನೆ ಇಲ್ಲಿತ್ತು, ಅವನ ವ್ಯಾಪಾರ ವ್ಯವಹಾರಗಳು ಅವನನ್ನು ಶ್ರೀಮಂತನನ್ನಾಗಿ ಮಾಡಿದವು, ಎಂದು. ಯಾವ ವ್ಯಾಪಾರ? ಅದೊಂದನ್ನು ಬರೆದಿರಲಿಲ್ಲ. 2018ರ ಏಪ್ರಿಲ್ 4ರಂದು ಆ ಚರ್ಚು, ರೋಡ್ಸ್ ಕಾಲೇಜು ಮತ್ತು ಕೇಂದ್ರ ಸರ್ಕಾರದ ರಾಷ್ಟ್ರೀಯ ಉದ್ಯಾನ ಸೇವೆ ಸೇರಿ ಅದೇ ಜಾಗದಲ್ಲಿ ಹೊಸದನ್ನು ನಿಲ್ಲಿಸಿದವು. 1854ರಿಂದ 1860ರವರೆಗೆ ಫಾರೆಸ್ಟ್ ಅಲ್ಲಿ ನಡೆಸುತ್ತಿದ್ದದ್ದು ಗುಲಾಮರ ಖರೀದಿ-ಮಾರಾಟದ ಅಂಗಳ ಎಂದು ಅದು ನೇರವಾಗಿ ಹೇಳುತ್ತದೆ.

ಹಳೆಯ ಫಲಕದ ಮಾತನ್ನು ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. ಮಾವ ಒಂದು ಕ್ಷಣ ಸುಮ್ಮನಿದ್ದು, "ಇದರಲ್ಲಿ ಸುಳ್ಳಿಲ್ಲವಲ್ಲ! ಚೆಕ್ಕುಬಂದಿ ಸರಿ ಇದೆ, ಮಾಲೀಕನ ಹೆಸರು ಸರಿ ಇದೆ. ಋಣಭಾರ ಮಾತ್ರ ಮುಚ್ಚಿಟ್ಟಿದ್ದಾರೆ. ಇಂಥ ಪತ್ರಗಳೇ ಅಪಾಯ" ಎಂದರು.

ಅಂದಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಈ ಊರಿನಲ್ಲಿ ಇರುವವರು, ಇದ್ದು ಹೋದವರು ನೀವು ನೋಡಿದ ಫಲಕಗಳ ಬಗ್ಗೆ ಬರೆಯಿರಿ. ಏನು ಬರೆದಿದೆ ಎನ್ನುವುದರ ಜೊತೆಗೆ ಯಾವಾಗ, ಯಾರು ಎನ್ನುವುದೂ ಇರಲಿ.

ಅಟ್ಲಾಂಟಾ_ಅಳಿಯ:

ಈ ದೇಶದಲ್ಲಿ ಫಲಕಗಳನ್ನು ನೆಡುವುದು ರಸ್ತೆಯ ಬದಿಯಲ್ಲಿ, ಜನ ಹೋಗುವುದು ಗಂಟೆಗೆ ನಲವತ್ತೈದು ಮೈಲಿ ವೇಗದಲ್ಲಿ. ತಲೆಬರಹ ಓದುವಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹಾಗಾಗಿ ನನ್ನ ಇತಿಹಾಸ ಜ್ಞಾನವೆಲ್ಲ ತಲೆಬರಹಗಳದ್ದು. ಮೆಂಫಿಸ್ ಎಂದರೆ ಈಜಿಪ್ಟಿನ ಹೆಸರಲ್ಲವೇ? ಅದು ಇಲ್ಲಿಗೆ ಹೇಗೆ ಬಂತು?

ಮಿಸಿಸಿಪ್ಪಿ_ಮೈಸೂರು:

ನೈಲ್ ನದಿಯ ದಡದಲ್ಲಿ ಅದು, ಮಿಸಿಸಿಪ್ಪಿಯ ದಡದಲ್ಲಿ ಇದು, ಅಷ್ಟೇ ಸಂಬಂಧ. ಬಡಾವಣೆ ಹಾಕುವವರು ಹೆಸರಿಡುವಾಗ ಕೈ ಹಿಡಿಯುವುದಿಲ್ಲವಲ್ಲ. ನದಿಯ ಪೂರ್ವದಂಡೆಯಲ್ಲಿ ಚಿಕಸಾ ಜನರ ಹೆಸರಿನ ನಾಲ್ಕು ಎತ್ತರದ ದಿಬ್ಬಗಳಿವೆ. ನಾಲ್ಕನೆಯದರ ಮೇಲೆ ಈ ಊರು, ಪ್ರವಾಹದ ನೀರು ಹತ್ತುವುದಿಲ್ಲ. 1818ರಲ್ಲಿ ಚಿಕಸಾ ಜನರಿಂದ ಪಶ್ಚಿಮ ಟೆನೆಸಿಯನ್ನು ಬರೆಸಿಕೊಂಡ ಒಪ್ಪಂದದಲ್ಲಿ ಸರ್ಕಾರದ ಪರವಾಗಿ ಕುಳಿತವರಲ್ಲಿ ಆಂಡ್ರ್ಯೂ ಜಾಕ್ಸನ್ ಒಬ್ಬ, ಮುಂದೆ ಅಧ್ಯಕ್ಷನಾದವನು. ಮರುವರ್ಷ, 1819ರಲ್ಲಿ, ಅದೇ ದಿಬ್ಬದ ಮೇಲೆ ನಿವೇಶನ ಗುರುತಿಸಿ ಊರು ಕಟ್ಟಿದ ಮೂವರು ಪಾಲುದಾರರಲ್ಲೂ ಅವನೇ ಒಬ್ಬ. ಉಳಿದಿಬ್ಬರು ಜಾನ್ ಓವರ್ಟನ್ ಮತ್ತು ಜೇಮ್ಸ್ ವಿಂಚೆಸ್ಟರ್. ಬೆಂಗಳೂರಿನ ಸುತ್ತಮುತ್ತ ಜಮೀನು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧಾರವಾಡದ_ಹತ್ತಿ:

ನಾನು ಮೆಂಫಿಸ್ ನೋಡಿದವನಲ್ಲ, ಆದರೆ ಈ ಚರ್ಚೆಯಲ್ಲಿ ನಮ್ಮ ಭಾಗದವರಿಗೆ ಒಂದು ಕುರ್ಚಿ ಇರಲೇಬೇಕು. ಆ ಊರು ಬೆಳೆದದ್ದು ಹತ್ತಿಯಿಂದ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಹಿಂದುಸ್ಥಾನಕ್ಕೆ ಕರೆಸಿತು, ಮಿಸಿಸಿಪ್ಪಿ ನದಿ ಬಯಲಿನ ಬೀಜ ತರಿಸಿತು. ಬಹಳ ಕಡೆ ಆ ಪ್ರಯೋಗ ಸೋತಿತು. ಧಾರವಾಡದ ಕರಿನೆಲದಲ್ಲಿ ಮಾತ್ರ ನ್ಯೂ ಓರ್ಲಿಯನ್ಸ್ ತಳಿ ಬೇರು ಬಿಟ್ಟಿತು. ನಮ್ಮ ಜವಾರಿ ಹತ್ತಿಯ ಪಕ್ಕದಲ್ಲಿ ಅದು 'ವಿಲಾಯತಿ ಹತ್ತಿ' ಎನಿಸಿಕೊಂಡಿತು, ಕಂಪನಿಯ ಕಾಗದಗಳಲ್ಲಿ 'ಧಾರವಾರ್-ಅಮೆರಿಕನ್'. ಆ ಹತ್ತಿಯ ಬೀಜ ಬಿಡಿಸಲು ಹಲ್ಲುಚಕ್ರದ ಗಿರಣಿಗಳೂ ಹಿಂದೆಯೇ ಬಂದವು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿಕೊಂಡಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದರು, ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಆಗ ಧಾರವಾಡ, ಹುಬ್ಬಳ್ಳಿ, ಗದಗಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿದಾಗ ಅದನ್ನೇ ನಂಬಿ ಸಾಲ ಮಾಡಿದವರು ಮುಳುಗಿದರು. ಅಲ್ಲಿ ಹತ್ತಿ ಬಿಡಿಸಿದವರು ಯಾರು, ಯಾವ ಸ್ಥಿತಿಯಲ್ಲಿ ಬಿಡಿಸಿದರು ಎನ್ನುವುದು ನಮ್ಮ ಊರಿನ ಯಾವ ಕಲ್ಲಿನ ಮೇಲೂ ಇಲ್ಲ. ಇರಬೇಕಿತ್ತು ಎಂದು ಹೇಳುತ್ತಿಲ್ಲ. ನಿಮ್ಮ ಮಾವನವರ 'ಋಣಭಾರ' ಎಂಬ ಮಾತು ಓದಿದಾಗ ನೆನಪಾಯಿತು.

ಮಿಸಿಸಿಪ್ಪಿ_ಮೈಸೂರು:

ಇದು ನನಗೆ ಗೊತ್ತಿರಲಿಲ್ಲ ಸರ್. ಇಲ್ಲಿ ನದಿಯ ಇಳಿಜಾರಿನಲ್ಲಿ ಗುಂಡುಕಲ್ಲು ಹಾಸಿದ ಹಳೆಯ ಧಕ್ಕೆ ಇನ್ನೂ ಇದೆ. ಹತ್ತಿಯ ಅಂಡಿಗೆಗಳನ್ನು ಉರುಳಿಸಿಕೊಂಡು ಬಂದು ಹಬೆದೋಣಿಗೆ ಏರಿಸುತ್ತಿದ್ದ ಜಾಗ. ಮೇಲಿನ ಫ್ರಂಟ್ ಸ್ಟ್ರೀಟ್‌ಗೆ 'ಹತ್ತಿ ಸಾಲು' ಎಂದೇ ಹೆಸರು. 1862ರ ಜೂನ್ 6ರಂದು ಉತ್ತರದ ಯುದ್ಧನೌಕೆಗಳು ಬಂದಾಗ ಊರಿನ ಜನ ದಿಬ್ಬದ ಅಂಚಿಗೆ ಬಂದು ನಿಂತು ಕಾಳಗ ನೋಡಿದರಂತೆ. ಎರಡು ಗಂಟೆಯೂ ಹಿಡಿಯಲಿಲ್ಲ, ದಕ್ಷಿಣದ ನೌಕಾಪಡೆ ಸೋತು ಊರು ಕೈ ಬದಲಾಯಿಸಿತು. ನಿಮ್ಮ ಹುಬ್ಬಳ್ಳಿ ಪೇಟೆಯಲ್ಲಿ ಬೆಲೆ ಏರುತ್ತಿದ್ದ ದಿನಗಳು ಅವೇ ಎಂದು ಈಗ ಹೊಳೆಯುತ್ತಿದೆ.

ರಾತ್ರಿಪಾಳಿ:

ಮೆಂಫಿಸ್‌ನಲ್ಲಿ ನಾಲ್ಕು ವರ್ಷ ನರ್ಸ್ ಆಗಿದ್ದೆ. ನಾನು ನಿಂತು ಓದಿದ್ದು ಒಂದೇ ಕಡೆ, ನದಿಯ ಮೇಲಿನ ಮಾರ್ಟರ್ಸ್ ಪಾರ್ಕಿನಲ್ಲಿ. 1878ರ ಹಳದಿ ಜ್ವರದಲ್ಲಿ ಊರು ಬಿಡದೆ ರೋಗಿಗಳ ಹತ್ತಿರ ಉಳಿದವರ ನೆನಪಿನ ಜಾಗ ಅದು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಅಲ್ಲಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

ಆಗಸ್ಟ್‌ನಲ್ಲಿ ದಡದ ಹತ್ತಿರ ತಿಂಡಿ ಅಂಗಡಿ ನಡೆಸುತ್ತಿದ್ದ ಕೇಟ್ ಬಯಾಂಡ ಎಂಬಾಕೆ ತೀರಿಕೊಂಡಳು. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ಊರಿನ ಸುಮಾರು ಅರ್ಧ ಜನ ರೈಲು, ಗಾಡಿ, ದೋಣಿ, ಸಿಕ್ಕಿದ್ದನ್ನು ಹತ್ತಿ ಓಡಿದರು. ಉಳಿದವರು ಸುಮಾರು 20,000, ಅವರಲ್ಲಿ ಸುಮಾರು 17,000 ಮಂದಿಗೆ ಜ್ವರ ತಗುಲಿತು. 5,000ಕ್ಕೂ ಹೆಚ್ಚು ಜನ ಸತ್ತರು. ಉಳಿದವರಲ್ಲಿ ಹೆಚ್ಚಿನವರು ಕಪ್ಪು ಜನ, ಓಡಲು ಹಣವಿಲ್ಲದವರು. ಪರಿಹಾರದ ದವಸದ ಉಗ್ರಾಣಗಳಿಗೆ ಕಾವಲು ನಿಂತದ್ದೂ ಅವರ ದಳಗಳೇ. ಸೊಳ್ಳೆಯಿಂದ ಈ ರೋಗ ಹರಡುತ್ತದೆ ಎಂದು ಖಚಿತವಾದದ್ದು 1900ರಲ್ಲಿ, ಕ್ಯೂಬಾದಲ್ಲಿ. ಅಲ್ಲಿಯವರೆಗೆ ಗಾಳಿ ಕೆಟ್ಟಿದೆ ಎಂದುಕೊಂಡು ಬೀದಿಗಳಲ್ಲಿ ಬೆಂಕಿ ಹಾಕಿ, ಸುಣ್ಣ ಚೆಲ್ಲಿ ಕುಳಿತಿದ್ದರು. ಶರತ್ಕಾಲದ ಹಿಮ ಬಿದ್ದು ಸೊಳ್ಳೆ ಸತ್ತಾಗಲೇ ರೋಗ ನಿಂತದ್ದು.

ನಾನು ಹೇಳಬೇಕೆಂದಿದ್ದದ್ದು ಆನಿ ಕುಕ್ ಬಗ್ಗೆ. ಗಯೋಸೊ ಬೀದಿಯಲ್ಲಿ 'ಮ್ಯಾನ್ಷನ್ ಹೌಸ್' ಎಂಬ ವೇಶ್ಯಾಗೃಹ ನಡೆಸುತ್ತಿದ್ದವಳು. ಮನೆಯ ಹುಡುಗಿಯರನ್ನು ಕಳಿಸಿಕೊಟ್ಟು ಕೋಣೆಗಳನ್ನೆಲ್ಲ ರೋಗಿಗಳಿಗೆ ತೆರೆದಳು. ತಾನೇ ಶುಶ್ರೂಷೆ ಮಾಡಿದಳು, ಸೆಪ್ಟೆಂಬರ್‌ನಲ್ಲಿ ತಾನೇ ಸತ್ತಳು. ಅದೇ ವಾರ ಸಂತ ಮೇರಿ ಮಠದ ಸಿಸ್ಟರ್ ಕಾನ್‌ಸ್ಟನ್ಸ್ ಕೂಡ ತೀರಿಕೊಂಡರು. ಇಬ್ಬರ ಸಮಾಧಿಯೂ ಎಲ್ಮ್‌ವುಡ್ ಸ್ಮಶಾನದಲ್ಲಿದೆ. ಪಕ್ಕದಲ್ಲೇ ಹೆಸರಿಲ್ಲದ ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ಹೂಳಿದ ಬಯಲಿದೆ. ಹುಲ್ಲು ಕತ್ತರಿಸಿ ಚೆನ್ನಾಗಿಟ್ಟಿದ್ದಾರೆ, ಆಟದ ಮೈದಾನದ ಹಾಗೆ ಕಾಣುತ್ತದೆ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಸೇತುವೆ_ಇಂಜಿನಿಯರ್:

ಜ್ವರದ ನಂತರದ ಕಥೆಯೂ ಸ್ವಾರಸ್ಯಕರ. ತೆರಿಗೆ ಕಟ್ಟುವವರು ಸತ್ತು, ಓಡಿ, ಸಾಲ ತೀರಿಸಲಾಗದೆ 1879ರಲ್ಲಿ ಮೆಂಫಿಸ್ ತನ್ನ ನಗರಸಭೆಯ ಸನದನ್ನೇ ಕಳೆದುಕೊಂಡಿತು. ಕಾಗದದ ಮೇಲೆ ಅದು ಊರೇ ಅಲ್ಲ, ರಾಜ್ಯದ ಒಂದು ತೆರಿಗೆ ವಲಯ. ಸನದು ಮರಳಿ ಸಿಕ್ಕಿದ್ದು 1893ರಲ್ಲಿ. ನಡುವೆ ಮಳೆನೀರಿಗೆ ಸೇರದ ಪ್ರತ್ಯೇಕ ಒಳಚರಂಡಿ ಹಾಕಿದರು. 1887ರಲ್ಲಿ ಕೊಳವೆಬಾವಿ ಕೊರೆದಾಗ ಆಳದ ಮರಳುಪದರದಿಂದ ಶುದ್ಧ ನೀರು ತಾನಾಗಿ ಉಕ್ಕಿತು. ಇಷ್ಟು ದೊಡ್ಡ ನದಿಯ ಪಕ್ಕದಲ್ಲಿ ಇದ್ದೂ ಈ ಊರು ಇಂದಿಗೂ ಕುಡಿಯುವುದು ನೆಲದಡಿಯ ನೀರನ್ನೇ.

ರಾಬರ್ಟ್ ಚರ್ಚ್ ಎಂಬ ಹೆಸರು ಇಲ್ಲಿ ಯಾರೂ ಎತ್ತಲಿಲ್ಲ. ಹಬೆದೋಣಿಯ ಕಪ್ತಾನನಿಗೂ ಗುಲಾಮ ಹೆಂಗಸಿಗೂ ಹುಟ್ಟಿದವನು. ಜ್ವರದ ಭಯಕ್ಕೆ ಜನ ಸಿಕ್ಕ ಬೆಲೆಗೆ ಆಸ್ತಿ ಮಾರುವಾಗ ಕೊಂಡುಕೊಂಡು ದಕ್ಷಿಣದ ಅತಿ ಶ್ರೀಮಂತ ಕಪ್ಪು ಮನುಷ್ಯರಲ್ಲಿ ಒಬ್ಬನಾದ. ಕಪ್ಪು ಜನಕ್ಕೆ ನಗರದ ಉದ್ಯಾನಗಳು ಮುಚ್ಚಿದ್ದಾಗ 1899ರಲ್ಲಿ ಬೀಲ್ ಸ್ಟ್ರೀಟ್‌ನಲ್ಲಿ ಸ್ವಂತ ಖರ್ಚಿನಿಂದ ಉದ್ಯಾನ ಮತ್ತು ಸಭಾಂಗಣ ಕಟ್ಟಿಸಿದ. ಉದ್ಯಾನ ಇದೆ, ಫಲಕವೂ ಇದೆ. ಅವನ ದೊಡ್ಡ ಮನೆ ಇಲ್ಲ. 1953ರಲ್ಲಿ ಬೆಂಕಿ ಆರಿಸುವ ಯಂತ್ರಗಳ ಪ್ರದರ್ಶನಕ್ಕೆಂದು ಅಗ್ನಿಶಾಮಕ ಇಲಾಖೆ ಆ ಮನೆಗೆ ಬೆಂಕಿ ಹಚ್ಚಿತು. ನೀವು ಸರಿಯಾಗಿಯೇ ಓದಿದ್ದೀರಿ.

ಕಲ್ಬರಹ:

ಇದೇ ರಾಬರ್ಟ್ ಚರ್ಚ್‌ಗೆ 1866ರಲ್ಲಿ ಅವನ ಸ್ವಂತ ಮದ್ಯದಂಗಡಿಯಲ್ಲಿ ಗುಂಡು ಹೊಡೆದಿದ್ದರು, ಬದುಕಿಕೊಂಡ. ಆ ಘಟನೆಯ ಫಲಕದ ಜಗಳ ನನ್ನನ್ನು ಬಹಳ ದಿನ ಕಾಡಿದೆ.

1866ರ ಮೇ 1ರಿಂದ 3ರವರೆಗೆ ನಡೆದದ್ದು. ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಕಪ್ಪು ಸೈನಿಕರು ಪಿಕರಿಂಗ್ ಕೋಟೆಯಲ್ಲಿದ್ದರು, ಅವರ ಕುಟುಂಬಗಳು ದಕ್ಷಿಣ ಮೆಂಫಿಸ್‌ನಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಸೈನಿಕರನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಆಗ ಅವರಿಗೂ ಪೊಲೀಸರಿಗೂ ಬೀದಿಯಲ್ಲಿ ಚಕಮಕಿ ನಡೆಯಿತು. ನಂತರ ಪೊಲೀಸರೂ ಬಿಳಿಯ ಗುಂಪುಗಳೂ ಸೇರಿ ಮೂರು ದಿನ ಆ ಕೇರಿಗೆ ನುಗ್ಗಿದವು. ಸತ್ತವರು 46 ಕಪ್ಪು ಜನ, 2 ಬಿಳಿಯರು. 91 ಮನೆ, 4 ಚರ್ಚು, ಕಪ್ಪು ಮಕ್ಕಳ ಶಾಲೆಗಳು ಸುಟ್ಟುಹೋದವು. ಐವರು ಹೆಂಗಸರು ತಮ್ಮ ಮೇಲಾದ ಅತ್ಯಾಚಾರವನ್ನು ಸಂಸತ್ತಿನ ಸಮಿತಿಯ ಮುಂದೆ ದಾಖಲಿಸಿದರು. ಆ ಸಮಿತಿಯ ವರದಿ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಗೆ, ಅಂದರೆ ಕಪ್ಪು ಜನರಿಗೂ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಟ್ಟ ತಿದ್ದುಪಡಿಗೆ, ಬಲ ಕೊಟ್ಟಿತು.

150 ವರ್ಷಗಳ ನಂತರ, 2016ರಲ್ಲಿ ಫಲಕ ನೆಡಲು ಹೊರಟಾಗ ಜಗಳ ಬಂದದ್ದು ಒಂದು ಪದಕ್ಕೆ. ರಾಜ್ಯದ ಆಯೋಗ ಅದನ್ನು 'ಜನಾಂಗೀಯ ಗಲಭೆ' ಎಂದು ಬರೆಯಬೇಕೆಂದಿತು. ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿ 'ಹತ್ಯಾಕಾಂಡ' ಎಂದೇ ಇರಬೇಕೆಂದು ಪಟ್ಟು ಹಿಡಿಯಿತು. ಕೊನೆಗೆ ರಾಜ್ಯದ ಮುದ್ರೆಯೇ ಬೇಡವೆಂದು ರಾಷ್ಟ್ರೀಯ ಉದ್ಯಾನ ಸೇವೆಯ ಜೊತೆ ಸೇರಿ ತಾವೇ ನೆಟ್ಟರು. ಕೆಳಗಿನ ಸಾಲಿನಲ್ಲಿ ರಾಜ್ಯದ ಹೆಸರು ಏಕಿಲ್ಲ ಎಂದು ಕೇಳಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಇದಕ್ಕಾಗಿಯೇ ನಿಮ್ಮ ಮಾವನವರ ಕ್ರಮ ಸರಿ ಎನ್ನುತ್ತೇನೆ.

'ಗಲಭೆ' ಎನ್ನುವ ಪದಕ್ಕೆ ಕರ್ತೃವೇ ಬೇಕಾಗಿಲ್ಲ ನೋಡಿ. ಗಲಭೆ ಆಯಿತು, ಗಲಭೆ ನಡೆಯಿತು, ಗಲಭೆ ಭುಗಿಲೆದ್ದಿತು. ನಮ್ಮ ಪತ್ರಿಕೆಗಳಿಗೂ ಬಹಳ ಪ್ರಿಯವಾದ ಪದ. ಹತ್ಯಾಕಾಂಡ ಎಂದ ತಕ್ಷಣ ಮಾಡಿದವರು ಯಾರು ಎಂದು ಕೇಳಬೇಕಾಗುತ್ತದೆ.

ದಡದ_ಮನೆ:

ಎಲ್ಲವೂ ಸರಿ. ಆದರೆ ನೀವೆಲ್ಲ ಹಳೆಯ ಫಲಕವೂ ಒಂದು ದಾಖಲೆ, ಇರಲಿ ಪಕ್ಕದಲ್ಲಿ ಎಂಬ ಧಾಟಿಯಲ್ಲಿ ಮಾತನಾಡುತ್ತಿದ್ದೀರಿ. ನನಗೆ ಒಪ್ಪಿಗೆಯಿಲ್ಲ. 1955ರ ಫಲಕವನ್ನು ಓದುವ ಹತ್ತರಲ್ಲಿ ಎಂಟು ಜನಕ್ಕೆ ಇಸವಿಯ ಕಡೆ ಕಣ್ಣು ಹೋಗುವುದಿಲ್ಲ. ಅವರ ಪಾಲಿಗೆ ಅದು ಸರ್ಕಾರ ಹೇಳಿದ ಮಾತು, ಅಷ್ಟೇ. ಮುಚ್ಚಿಟ್ಟದ್ದನ್ನು ಕಂಚಿನಲ್ಲೇ ಉಳಿಸಿಕೊಂಡು ಪಕ್ಕದಲ್ಲಿ ನಿಜ ಬರೆದರೆ ಎರಡಕ್ಕೂ ಒಂದೇ ಎತ್ತರದ ಕಂಬ ಸಿಕ್ಕ ಹಾಗಾಗುತ್ತದೆ. ಹಳೆಯದರ ಜಾಗ ವಸ್ತುಸಂಗ್ರಹಾಲಯ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮವರು ಈ ಊರಿಗೆ ಬಂದು ಮನೆ ಹುಡುಕುವಾಗ ಮೊದಲು ಕೇಳಿಸಿಕೊಳ್ಳುವ ಬುದ್ಧಿಮಾತು "ಆ ಕಡೆ ಬೇಡ". ನಾನೂ ಹೊಸಬರಿಗೆ ಹೇಳಿದ್ದೇನೆ. 1866ರಲ್ಲಿ ಸುಟ್ಟದ್ದು ದಕ್ಷಿಣ ಮೆಂಫಿಸ್. ನಾವು "ಆ ಕಡೆ" ಎನ್ನುವುದರಲ್ಲಿ ಬಹುಪಾಲು ಅದೇ ದಿಕ್ಕು. ಫಲಕ ಓದಿ ಕಣ್ಣು ಒದ್ದೆ ಮಾಡಿಕೊಂಡು ಸಂಜೆ ಉಪನಗರದ ಮನೆಗೆ ಹೋಗುವ ನಮ್ಮ ಬಗ್ಗೆ ಯಾರು ಫಲಕ ಬರೆಯುತ್ತಾರೆ?

ಮಿಸಿಸಿಪ್ಪಿ_ಮೈಸೂರು:

ಬೇಸರವಿಲ್ಲ ಸರ್. ನಾಟಿದೆ. ನಾನೂ ಆ ಮಾತು ಹೇಳಿದವಳೇ.

ನೀವು ಹೇಳಿದ ಆ ಕಡೆಗೇ ಮಾವನನ್ನು ಕರೆದುಕೊಂಡು ಹೋದೆ, ವಾಕರ್ ಅವೆನ್ಯೂ ಮತ್ತು ಮಿಸಿಸಿಪ್ಪಿ ಬುಲವಾರ್ಡ್ ಸೇರುವಲ್ಲಿಗೆ. ಅಲ್ಲಿ 'ಪೀಪಲ್ಸ್ ಗ್ರೋಸರಿ'ಯ ಫಲಕವಿದೆ. ಟ್ರಾಮ್ ಹಳಿ ತಿರುವು ತೆಗೆದುಕೊಳ್ಳುತ್ತಿದ್ದರಿಂದ ಆ ಪ್ರದೇಶಕ್ಕೆ 'ಕರ್ವ್' ಎಂಬ ಹೆಸರಿತ್ತು. 1889ರಲ್ಲಿ ಕಪ್ಪು ಜನ ಪಾಲು ಹಾಕಿ ಸಹಕಾರಿ ಕಿರಾಣಿ ಅಂಗಡಿ ತೆರೆದರು. ಎದುರಿಗಿದ್ದ ಬಿಳಿಯ ಅಂಗಡಿಯವನ ಗಿರಾಕಿಗಳು ಇತ್ತ ತಿರುಗಿದರು. 1892ರ ಮಾರ್ಚ್‌ನಲ್ಲಿ ಮಕ್ಕಳ ಗೋಲಿಯಾಟದ ಜಗಳ ದೊಡ್ಡವರ ಜಗಳವಾಯಿತು, ಬಂದೂಕುಗಳು ಹೊರಬಂದವು, ಅಂಗಡಿಯವರು ಜೈಲು ಸೇರಿದರು. ಮಾರ್ಚ್ 9ರ ನಸುಕಿನಲ್ಲಿ ಮುಸುಕು ಹಾಕಿದವರು ಜೈಲಿಗೆ ನುಗ್ಗಿ ಥಾಮಸ್ ಮಾಸ್, ಕ್ಯಾಲ್ವಿನ್ ಮೆಕ್‌ಡವೆಲ್, ವಿಲ್ ಸ್ಟೂವರ್ಟ್ ಈ ಮೂವರನ್ನು ಎಳೆದೊಯ್ದು ಕೊಂದರು.

ಮಾಸ್ ಅಂಚೆಯವನಾಗಿಯೂ ಕೆಲಸ ಮಾಡುತ್ತಿದ್ದ, ಐಡಾ ಬಿ. ವೆಲ್ಸ್‌ಳ ಗೆಳೆಯ. ವೆಲ್ಸ್ ಆಗ ಮೆಂಫಿಸ್‌ನಲ್ಲಿ 'ಫ್ರೀ ಸ್ಪೀಚ್' ಪತ್ರಿಕೆಯ ಸಂಪಾದಕಿ, ವಯಸ್ಸು 29. ನಮಗೆ ನ್ಯಾಯ ಕೊಡದ ಈ ಊರನ್ನು ಬಿಟ್ಟು ಹೋಗೋಣ ಎಂದು ಬರೆದಳು. ಸಾವಿರಾರು ಜನ ಪಶ್ಚಿಮಕ್ಕೆ ಹೊರಟೇಬಿಟ್ಟರು. ಮೇ ತಿಂಗಳಲ್ಲಿ ಅವಳು ಊರಿನಲ್ಲಿಲ್ಲದಾಗ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿದರು. ಅವಳ ಕಂಚಿನ ಪ್ರತಿಮೆ ಬೀಲ್ ಸ್ಟ್ರೀಟ್‌ನಲ್ಲಿ ನಿಂತದ್ದು 2021ರಲ್ಲಿ.

ಮಾವ ಅಲ್ಲಿ ಏನೂ ಹೇಳಲಿಲ್ಲ. ಅವರ ತಂದೆಗೂ ಅಗ್ರಹಾರದ ಮೂಲೆಯಲ್ಲಿ ಕಿರಾಣಿ ಅಂಗಡಿ ಇತ್ತು. ಕಾರು ಹತ್ತಿದ ಮೇಲೆ, "ಸಾಲದ ಪುಸ್ತಕ ಯಾರ ಕೈಗೆ ಹೋಯಿತೋ" ಎಂದರು.

ಅಟ್ಲಾಂಟಾ_ಅಳಿಯ:

ಅದೇ ಊರಿನಲ್ಲಿ ಇನ್ನೊಂದು ಕಿರಾಣಿ ಅಂಗಡಿಯ ಫಲಕವೂ ಇದೆಯಲ್ಲ, ಪಿಗ್ಲಿ ವಿಗ್ಲಿ! ಅದನ್ನು ಮಾತ್ರ ನಾನು ಕಾರು ನಿಲ್ಲಿಸಿ ಓದಿದ್ದೇನೆ. 1916ರಲ್ಲಿ ಜೆಫರ್ಸನ್ ಅವೆನ್ಯೂದ 79ನೇ ನಂಬರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದದ್ದು. ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಹೋಗಿ ಸಾಮಾನು ಆರಿಸಿಕೊಂಡು ಬರುವ ಪದ್ಧತಿ ಅಲ್ಲಿಂದ ಶುರು. ಆತ ಷೇರು ಪೇಟೆಯಲ್ಲಿ ದೊಡ್ಡವರ ಜೊತೆ ಗುದ್ದಾಡಲು ಹೋಗಿ 1923ರಲ್ಲಿ ಎಲ್ಲವನ್ನೂ ಕಳೆದುಕೊಂಡ. ನಾನು ಅದನ್ನು ಓದಿ ನಗುತ್ತಾ ಹೋಗಿದ್ದೆ. ಇನ್ನೊಂದು ಅಂಗಡಿಯದ್ದು ಈಗ ತಿಳಿಯಿತು.

ಸೇತುವೆ_ಇಂಜಿನಿಯರ್:

ನದಿಯೇ ಫಲಕವನ್ನು ಸುಳ್ಳಾಗಿಸಿದ ಉದಾಹರಣೆ ಒಂದಿದೆ. 1865ರ ಏಪ್ರಿಲ್ 27ರ ನಸುಕಿನಲ್ಲಿ, ಮೆಂಫಿಸ್ ಬಿಟ್ಟು ಏಳು ಮೈಲಿ ಮೇಲಕ್ಕೆ ಹೋದ 'ಸುಲ್ತಾನಾ' ಹಬೆದೋಣಿಯ ಬಾಯ್ಲರುಗಳು ಸಿಡಿದವು. 376 ಜನರಿಗೆ ಪರವಾನಗಿ ಇದ್ದ ದೋಣಿಯಲ್ಲಿ 2,000ಕ್ಕೂ ಹೆಚ್ಚು ಮಂದಿ ಇದ್ದರು. ಬಹುತೇಕ ದಕ್ಷಿಣದ ಸೆರೆಶಿಬಿರಗಳಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ತಲೆಗೆ ಇಷ್ಟು ಎಂದು ಸರ್ಕಾರ ಬಾಡಿಗೆ ಕೊಡುತ್ತಿತ್ತು, ಹಾಗಾಗಿ ತುಂಬಿದ್ದೇ ತುಂಬಿದ್ದು. ಸತ್ತವರು 1,100ಕ್ಕಿಂತ ಕಡಿಮೆಯಿಲ್ಲ. ಲಿಂಕನ್ ಹತ್ಯೆಯಾಗಿ ಎರಡು ವಾರವೂ ಆಗಿರಲಿಲ್ಲ, ಪತ್ರಿಕೆಗಳಲ್ಲಿ ಜಾಗ ಸಿಗಲಿಲ್ಲ.

ಆ ದೋಣಿಯ ಅವಶೇಷ ಈಗ ನೀರಿನಲ್ಲಿಲ್ಲ. ನದಿ ಪಾತ್ರ ಬದಲಿಸಿತು, ದೋಣಿ ಆರ್ಕನ್ಸಾ ಕಡೆಯ ಸೋಯಾಬೀನ್ ಹೊಲದ ಅಡಿಯಲ್ಲಿ ಉಳಿಯಿತು. ನದಿಯಲ್ಲಿ ಮುಳುಗಿದ್ದನ್ನು ಹುಡುಕಲು ನೇಗಿಲು ಬೇಕು.

ತುಂಗೆಯ_ದಡ:

ಫಾರೆಸ್ಟ್‌ನ ಪ್ರತಿಮೆಯ ಕಥೆ ಯಾರಾದರೂ ಹೇಳುತ್ತೀರಾ? ರಾತ್ರೋರಾತ್ರಿ ಎತ್ತಿದರು ಎಂದು ಆಗ ಓದಿದ ನೆನಪು.

ಮಿಸಿಸಿಪ್ಪಿ_ಮೈಸೂರು:

2017ರ ಡಿಸೆಂಬರ್ 20ರ ರಾತ್ರಿ. ಕುದುರೆ ಏರಿದ ಫಾರೆಸ್ಟ್‌ನ ಪ್ರತಿಮೆ 1905ರದ್ದು, ಯುದ್ಧ ಮುಗಿದು ನಲವತ್ತು ವರ್ಷದ ನಂತರದ್ದು. ನದಿಯ ಬದಿಯ ಪಾರ್ಕಿನಲ್ಲಿದ್ದ, ಯುದ್ಧಕಾಲದಲ್ಲಿ ದಕ್ಷಿಣದ ಪಾಳಯದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ನ ಪ್ರತಿಮೆ 1964ರದ್ದು. ಕಪ್ಪು ಜನರ ಹಕ್ಕಿನ ಹೋರಾಟ ಕಾವೇರಿದ್ದ ವರ್ಷ ಅದು, ಕೆಳಗಿನ ಸಾಲು ಓದುವವರಿಗೆ ಅಷ್ಟು ಸಾಕು. ಸಾರ್ವಜನಿಕ ಜಾಗದ ಸ್ಮಾರಕಗಳನ್ನು ತೆಗೆಯಬಾರದು ಎಂದು ರಾಜ್ಯದ ಕಾನೂನು. ಆಗ ನಗರಸಭೆ ಎರಡೂ ಪಾರ್ಕುಗಳನ್ನು ಒಂದು ಲಾಭರಹಿತ ಸಂಸ್ಥೆಗೆ ತಲಾ 1,000 ಡಾಲರಿಗೆ ಮಾರಿತು. ಜಾಗ ಖಾಸಗಿಯಾಯಿತು, ಕಾನೂನು ಅನ್ವಯಿಸಲಿಲ್ಲ, ಅದೇ ರಾತ್ರಿ ಕ್ರೇನ್ ಬಂತು.

ಇದನ್ನು ಹೇಳಿದಾಗ ಮಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಸಾವಿರ ಡಾಲರಿಗೆ ಪಾರ್ಕು! ಮುದ್ರಾಂಕ ಶುಲ್ಕ ಎಷ್ಟು ಕಟ್ಟಿದರಂತೆ?" ಮೂರು ದಿನ ಅದೇ ಮಾತು. ಯಾರಾದರೂ ವಕೀಲರಿದ್ದರೆ ಹೇಳಿ, ನಾನು ಅವರಿಗೆ ತಿಳಿಸಬೇಕು.

ಕಲ್ಬರಹ:

ಟಾಮ್ ಲೀ ಬಗ್ಗೆ ಬರೆಯದೆ ಈ ಚರ್ಚೆ ಮುಗಿಯಬಾರದು.

ಮಿಸಿಸಿಪ್ಪಿ_ಮೈಸೂರು:

ಅವನನ್ನು ಉಳಿಸಿಕೊಂಡಿದ್ದೆ, ಮಾವನಿಗೆ ಅತಿ ಇಷ್ಟವಾದವನು.

1925ರ ಮೇ 8. ಸಿವಿಲ್ ಇಂಜಿನಿಯರುಗಳ ಸಮ್ಮೇಳನಕ್ಕೆ ಬಂದವರನ್ನು ಕುಟುಂಬ ಸಮೇತ ನದಿ ನೋಡಲು ಕರೆದೊಯ್ದಿದ್ದ 'ಎಂ.ಇ. ನಾರ್ಮನ್' ಎಂಬ ಹಬೆದೋಣಿ ಮೆಂಫಿಸ್‌ನ ಕೆಳಗೆ ಮಗುಚಿತು. 'ಜೆವ್' ಎಂಬ ಸಣ್ಣ ಮೋಟಾರು ದೋಣಿಯಲ್ಲಿ ಒಬ್ಬನೇ ಬರುತ್ತಿದ್ದ ಟಾಮ್ ಲೀ, ಕಪ್ಪು ಕೂಲಿಯಾಳು, ಅದನ್ನು ಕಂಡ. ದೋಣಿ ತಿರುಗಿಸಿ ಜನರನ್ನು ಎಳೆದು ಹಾಕಿಕೊಂಡು ಮರಳು ದಿಬ್ಬಕ್ಕೆ ಬಿಟ್ಟ, ಮತ್ತೆ ಹೋದ, ಮತ್ತೆ ಬಂದ. 32 ಜನ ಬದುಕಿದರು. ಅವನಿಗೆ ಈಜು ಬರುತ್ತಿರಲಿಲ್ಲ.

ಅವನನ್ನು ವಾಷಿಂಗ್ಟನ್‌ಗೆ ಕರೆದೊಯ್ದು ಅಧ್ಯಕ್ಷ ಕೂಲಿಜ್‌ಗೆ ಭೇಟಿ ಮಾಡಿಸಿದರು. ಇಂಜಿನಿಯರುಗಳು ಹಣ ಸೇರಿಸಿ ಮನೆ ಕೊಡಿಸಿದರು. ನಗರ ಕೊಟ್ಟದ್ದು ಕಸ ಎತ್ತುವ ಕೆಲಸ. 1952ರಲ್ಲಿ ತೀರಿಕೊಂಡ. 1954ರಲ್ಲಿ ನದಿಯ ದಡದ ಪಾರ್ಕಿಗೆ ಅವನ ಹೆಸರಿಟ್ಟು ಎತ್ತರದ ಕಲ್ಲಿನ ಕಂಬ ನಿಲ್ಲಿಸಿದರು. ಅದರ ಮೇಲೆ ಕೆತ್ತಿದ್ದು: 'ಬಹಳ ಯೋಗ್ಯನಾದ ನೀಗ್ರೋ'. ಮೂವತ್ತೆರಡು ಜೀವ ಉಳಿಸಿದವನಿಗೆ ನಡತೆಯ ಪ್ರಮಾಣಪತ್ರ. 2006ರಲ್ಲಿ ಅಲ್ಲೇ ಒಂದು ಕಂಚಿನ ಶಿಲ್ಪ ಬಂತು: ಟಾಮ್ ಲೀ ದೋಣಿಯಿಂದ ಬಾಗಿ ನೀರಿನಲ್ಲಿರುವವನಿಗೆ ಕೈ ಚಾಚುತ್ತಿದ್ದಾನೆ. ಮಾವ ಅದರ ಮುಂದೆ ಕುಳಿತವರು ಮುಕ್ಕಾಲು ಗಂಟೆ ಏಳಲಿಲ್ಲ.

ಅವನು ಕೆಲಸ ಮಾಡಿದ ಅದೇ ಕಸದ ಇಲಾಖೆಯಲ್ಲಿ 1968ರ ಫೆಬ್ರುವರಿ 1ರಂದು ಮಳೆ ಬಂತೆಂದು ಲಾರಿಯ ಹಿಂಭಾಗದಲ್ಲಿ ನಿಂತ ಎಕೊಲ್ ಕೋಲ್ ಮತ್ತು ರಾಬರ್ಟ್ ವಾಕರ್ ಕಸ ಅದುಮುವ ಯಂತ್ರಕ್ಕೆ ಸಿಕ್ಕಿ ಸತ್ತರು. ಫೆಬ್ರುವರಿ 12ರಿಂದ 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು. ಕೊರಳಲ್ಲಿ 'ನಾನು ಮನುಷ್ಯ' ಎಂಬ ಫಲಕ. ಅವರಿಗೆ ಬೆಂಬಲ ಕೊಡಲೆಂದೇ ಮಾರ್ಟಿನ್ ಲೂಥರ್ ಕಿಂಗ್ ಈ ಊರಿಗೆ ಬಂದದ್ದು, ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ಗುಂಡಿಗೆ ಬಲಿಯಾದದ್ದು. ಮೋಟೆಲ್ ಈಗ ವಸ್ತುಸಂಗ್ರಹಾಲಯ. ಎಲ್ಲರೂ ಅಲ್ಲಿಗೆ ಹೋಗುತ್ತಾರೆ, ನಾನೂ ಅತಿಥಿಗಳನ್ನು ಕರೆದೊಯ್ದಿದ್ದೇನೆ. ಕಂಬದಿಂದ ಮೋಟೆಲಿಗೆ ಹೆಚ್ಚು ದೂರವೂ ಇಲ್ಲ. ಎರಡನ್ನೂ ಒಂದೇ ಇಲಾಖೆ ಜೋಡಿಸುತ್ತದೆ ಎಂದು ಒಂಬತ್ತು ವರ್ಷ ನನಗೆ ಹೊಳೆದಿರಲಿಲ್ಲ.

ಕಲ್ಬರಹ:

ತುರು ಕಾಯುವಾಗ ಸತ್ತವನಿಗೂ ನಮ್ಮಲ್ಲಿ ವೀರಗಲ್ಲು ಇದೆ. 'ಬಹಳ ಯೋಗ್ಯನಾದ' ಎಂಬ ಶಿಫಾರಸು ಯಾವುದರಲ್ಲೂ ನೋಡಿದ ನೆನಪಿಲ್ಲ. ನಮ್ಮ ಕಲ್ಲುಗಳೂ ಎಲ್ಲರನ್ನೂ ಹೇಳುವುದಿಲ್ಲ ಬಿಡಿ, ಅದು ಬೇರೆ ಚರ್ಚೆ.

ದಡದ_ಮನೆ:

ಆ 1954ರ ಕಂಬವನ್ನೂ ಉಳಿಸಬೇಕೆನ್ನುತ್ತೀರಾ?

ರಾತ್ರಿಪಾಳಿ:

ನಾನು ಉಳಿಸುತ್ತೇನೆ. ಶಿಲ್ಪ ಎದುರಿಗೇ ಇರುವುದರಿಂದ ಆ ಕಂಬ ಈಗ ಟಾಮ್ ಲೀ ಬಗ್ಗೆ ಹೇಳುವುದಕ್ಕಿಂತ ಕೆತ್ತಿಸಿದವರ ಬಗ್ಗೆ ಹೆಚ್ಚು ಹೇಳುತ್ತದೆ. ಫಾರೆಸ್ಟ್‌ನದ್ದಾದರೆ ನಿಮ್ಮ ಪಕ್ಷ.

ದಡದ_ಮನೆ:

ಅರ್ಧ ಒಪ್ಪಿದೆ.

ತುಂಗೆಯ_ದಡ:

ಮುಂದಿನ ವಾರ ಕೆಲಸದ ಮೇಲೆ ಮೆಂಫಿಸ್‌ಗೆ ಬರುತ್ತಿದ್ದೇನೆ, ಶನಿವಾರ ಖಾಲಿ. ಎಲ್ಲಿಂದ ಶುರು ಮಾಡಲಿ?

ಮಿಸಿಸಿಪ್ಪಿ_ಮೈಸೂರು:

ಬೆಳಿಗ್ಗೆ ಎಂಟಕ್ಕೆ ಆಡಮ್ಸ್ ಅವೆನ್ಯೂದಲ್ಲಿ ಸಿಗಿ, ನಾನೂ ಬರುತ್ತೇನೆ. ಅಲ್ಲಿಂದ ನದಿ ಕಡೆಗೆ ನಡೆದೇ ಹೋಗಬಹುದು. ಮಧ್ಯಾಹ್ನ ಕಾರಿನಲ್ಲಿ ಕರ್ವ್‌ಗೆ ಮತ್ತು ಎಲ್ಮ್‌ವುಡ್‌ಗೆ. ಛತ್ರಿ ತನ್ನಿ, ಮಳೆಗಲ್ಲ. ಬಿಸಿಲು ನೇರವಾಗಿ ಬಿದ್ದರೆ ಲೋಹದ ಅಕ್ಷರ ಹೊಳೆದು ಕೆಳಗಿನ ಸಾಲು ಕಾಣಿಸುವುದಿಲ್ಲ, ಒಬ್ಬರು ನೆರಳು ಹಿಡಿಯಬೇಕು.